ಸರೋವರದ ಪಾಲಿಗೆ ಬಿಟ್ಟ ತೂತು

ಬೆಂಕಿಕಡ್ಡಿ ಒಣಗಿಯೇ ಹೊರಬಂತು.

ಅದನ್ನು ಠಾಣೆಯ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮೂಗಿನ ಹತ್ತಿರ ತಂದೆ. ಜಿಡ್ಡಿಲ್ಲ, ವಾಸನೆಯೂ ಇಲ್ಲ. ಅದೇ ಟೈರಿನ ಉಳಿದ ಮೊಳೆಯ ತೂತುಗಳಿಗೆ ಬೆಳಗಿನಿಂದ ಕಡ್ಡಿ ಹಾಕಿ ತೆಗೆದು ನನ್ನ ಬೆರಳಿಗೆಲ್ಲ ಕೊಬ್ಬು ಮೆತ್ತಿಕೊಂಡಿತ್ತು. ನಮ್ಮ ಬೈಕಾಲ್ ಸರೋವರದ ನೇರ್ಪಾ ಎಂಬ ಸೀಲ್ ಪ್ರಾಣಿಯ ಕೊಬ್ಬು. ಕೆಮ್ಮಿದರೆ ಕುಡಿಸುತ್ತಾರೆ, ಬೂಟಿಗೆ ಸವರುತ್ತಾರೆ, ಕೈಗೆ ಹತ್ತಿದರೆ ಮೂರು ದಿನ ವಾಸನೆ ಬಿಡುವುದಿಲ್ಲ. ಈ ಒಂದು ತೂತಿನಲ್ಲಿ ಮಾತ್ರ ಅದರ ಸುಳಿವೇ ಇರಲಿಲ್ಲ.

ತೂತು ಇದ್ದದ್ದು ಗಾಳಿ ತುಂಬುವ ವಾಲ್ವಿನ ನೇರಕ್ಕೆ, ಒಳ ಅಂಚಿನ ಸಾಲಿನಲ್ಲಿ.

ಇನ್ನೊಂದು ಟೈರನ್ನು ಒಲೆಯ ಪಕ್ಕಕ್ಕೆ ಉರುಳಿಸಿಕೊಂಡೆ. ವಾಲ್ವು ಹುಡುಕಿದೆ. ಅದರ ನೇರಕ್ಕೆ, ಒಳ ಅಂಚಿನ ಸಾಲಿಗೆ ಹೊಸ ಕಡ್ಡಿ ಹಾಕಿದೆ.

ಅದೂ ಒಣ.

ರಾದ್ನಾ ಸತ್ತು ಅಂದಿಗೆ ಹನ್ನೆರಡು ದಿನ. ಅವನು ಓಡಿಸುತ್ತಿದ್ದ ನಮ್ಮ ಹಳ್ಳಿಯ ವ್ಯಾನು, ದ್ವೀಪಕ್ಕೂ ದಡಕ್ಕೂ ನಡುವಿನ ಮಂಜುಗಡ್ಡೆಯ ದಾರಿಯಲ್ಲಿ, ದೊಡ್ಡ ಬಿರುಕಿನ ಮುಂದೆ ಬ್ರೇಕಿಗೆ ನಿಲ್ಲದೆ ನೇರವಾಗಿ ನೀರಿಗೆ ಹೋಗಿತ್ತು. ಪಾಪ, ಅವನು ನಿಯಮ ತಪ್ಪಿದವನಲ್ಲ. ಸೀಟ್ ಬೆಲ್ಟ್ ಬಿಚ್ಚಿದ್ದ, ಬಾಗಿಲಿನ ಚಿಲಕ ಬಿಟ್ಟಿದ್ದ, ಕಿಟಕಿ ಇಳಿಸಿದ್ದ. ನೆಲದ ಮೇಲೆ ಬೆಲ್ಟು ಜೀವ ಉಳಿಸುತ್ತದೆ, ಮಂಜಿನ ಮೇಲೆ ಜೀವ ತೆಗೆಯುತ್ತದೆ ಎಂದು ನಮ್ಮಲ್ಲಿ ನಡೆಯಲು ಕಲಿತ ಮಗುವಿಗೂ ಗೊತ್ತು. ಆದರೂ ನೀರಿನ ಸೆಳೆತ ಅವನನ್ನು ಬಿಡಲಿಲ್ಲ. ಹೆಂಡತಿ ಇನ್ನೂ ಬಾಗಿಲಲ್ಲಿ ಕೂತು ಜಲಸಂಧಿಯ ಕಡೆಗೇ ನೋಡುತ್ತಾಳೆ.

ವ್ಯಾನನ್ನು ಮೇಲೆತ್ತಿದಾಗ ಮುಂದಿನ ಎರಡೂ ಟೈರುಗಳಲ್ಲಿ, ಮಂಜುಗಡ್ಡೆಯ ಮೇಲೆ ಜಾರದಂತೆ ಕೂರಿಸುವ ಗಿಡ್ಡ ಕಬ್ಬಿಣದ ಮೊಳೆಗಳೇ ಇರಲಿಲ್ಲ.

ಟೈರಿಗೆ ಮೊಳೆ ಕೂರಿಸುವವರು ತೂತಿಗೆ ಸೋಪಿನ ನೀರು ಬಿಡುತ್ತಾರೆ. ಮೊಳೆ ಜಾರಿ ಒಳಗೆ ಕೂರುತ್ತದೆ, ನೀರು ಆರುತ್ತದೆ, ರಬ್ಬರು ಮೊಳೆಯನ್ನು ಕಚ್ಚಿಕೊಳ್ಳುತ್ತದೆ. ಕೊಬ್ಬು ಆರುವ ವಸ್ತುವಲ್ಲ. ಸೋಪಿನ ಬದಲು ಕೊಬ್ಬು ಹಚ್ಚಿದರೆ, ಮೆಲ್ಲಗೆ ಓಡಿಸುವಷ್ಟು ಹೊತ್ತು ಮೊಳೆ ಇದ್ದಲ್ಲೇ ಇರುತ್ತದೆ. ಗಟ್ಟಿಯಾಗಿ ಬ್ರೇಕ್ ಒತ್ತಿದಿರೋ, ಮುದುಕನ ಹಲ್ಲಿನ ಹಾಗೆ ಎಲ್ಲ ಉದುರುತ್ತವೆ. ನಮ್ಮ ದಾರಿಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತುವ ಜಾಗ ಒಂದೇ, ಆ ಬಿರುಕಿನ ಮುಂದೆ.

ಆ ಟೈರುಗಳಿಗೆ ನವೆಂಬರಿನಲ್ಲಿ ಮೊಳೆ ಹೊಡೆದವನು ಓಚಿರ್. ತನ್ನ ಗಾಡಿಯ ಪ್ರಯಾಣಿಕರನ್ನು ಕಿತ್ತುಕೊಂಡ ಅಂತ ರಾದ್ನಾನ ಕೊರಳಪಟ್ಟಿ ಹಿಡಿದು ಜಗಳವಾಡಿದವನೂ ಅವನೇ. ಸಾಲದ್ದಕ್ಕೆ, ಈ ದ್ವೀಪದಲ್ಲಿ ಟೈರಿನ ವಿಷಯದಲ್ಲಿ ಯಾರ ಮಾತಿಗೆ ಎದುರಿಲ್ಲವೋ ಆ ದೊಂದೋಕ್ ಟೈರು ನೋಡಿ, "ಸೋಪಿನ ಜಾಗಕ್ಕೆ ಕೊಬ್ಬು ಹಚ್ಚಿದಾನೆ ಆ ಅಯೋಗ್ಯ, ಬೇಕಂತಲೇ ಮಾಡಿದ್ದು" ಎಂದು ಬರೆದುಕೊಟ್ಟಿದ್ದ. ನಾನು ಓಚಿರ್‌ನನ್ನು ಬಂಧಿಸಿದೆ. ಹನ್ನೆರಡು ಗಂಟೆಗೆ ಪಟ್ಟಣದಿಂದ ಕ್ಯಾಪ್ಟನ್ ಫೊಮಿನ್ ಬಂದು ಅವನನ್ನು ಕರೆದೊಯ್ಯುವುದಿತ್ತು. ಅಲ್ಲಿಗೆ ಹೋದವನು ಹದಿನೈದು ವರ್ಷಕ್ಕೆ ಮೊದಲು ತಿರುಗಿ ಬರುವುದಿಲ್ಲ.

ಓಚಿರ್ ಮೊಳೆ ಹೊಡೆಯುವುದು ಗಾಳಿಯ ಗನ್ನಿನಿಂದ. ಗನ್ನು ಒಂದು ತೂತನ್ನೂ ಬಿಡುವುದಿಲ್ಲ. ಹಿಂದಿನ ಎರಡು ಟೈರುಗಳನ್ನು ಎಣಿಸಿದ್ದೆ, ಎಲ್ಲ ತೂತಿನಲ್ಲೂ ಮೊಳೆ ಇತ್ತು. ಅಂದರೆ ಮುಂದಿನ ಟೈರುಗಳ ಮೊಳೆಗಳನ್ನು ಯಾರೋ ಕಿತ್ತಿದ್ದರು, ಕೊಬ್ಬು ಹಚ್ಚಿ ವಾಪಸ್ ಕೂರಿಸಿದ್ದರು. ಕೂರಿಸುವಾಗ ಒಂದೊಂದು ಟೈರಿನಲ್ಲಿ ಒಂದೊಂದು ತೂತನ್ನು ಹಾಗೇ ಬಿಟ್ಟಿದ್ದರು.

ಹಾಗೆ ಬಿಡುವ ಮನುಷ್ಯ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಅವನೇ ನನ್ನನ್ನು ಸಾಕಿದವನು.

ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಇದೇ ಜಲಸಂಧಿಯಲ್ಲಿ ಕಾರಿನ ಸಮೇತ ಮುಳುಗಿದ. ಮನೆಯಲ್ಲಿ ಅಮ್ಮ, ನಾನು ಇಬ್ಬರೇ ಉಳಿದೆವು. ಅಪ್ಪನ ಗೆಳೆಯ ದೊಂದೋಕ್ ನನ್ನ ಕೈಹಿಡಿದು ತನ್ನ ಶೆಡ್ಡಿಗೆ ಕರೆದುಕೊಂಡು ಹೋಗಿ, ಒಂದು ಟೈರು ಮುಂದಿಟ್ಟು, ಕೈಗೆ ಮೊಳೆ ಕೊಟ್ಟ. ಕೊನೆಯ ತೂತಿಗೆ ಬಂದಾಗ ನನ್ನ ಕೈ ತಡೆದ. "ಇದು ಸರೋವರದ ಪಾಲು, ಪುಟ್ಟಿ. ಎಲ್ಲಾ ನಾವೇ ಇಟ್ಕೊಂಡ್ರೆ ಅದು ತಾನೇ ಬಂದು ತಗೊಳತ್ತೆ." ಆ ಮಾತನ್ನು ನಂಬಿಯೇ ನಾನು ಮತ್ತೆ ಮಂಜಿನ ಮೇಲೆ ಕಾಲಿಟ್ಟೆ.

ಕಡ್ಡಿಗಳನ್ನು ಜೇಬಿಗೆ ಹಾಕಿಕೊಂಡು ಹೊರಟೆ.

ಶೆಡ್ಡಿನ ಬಾಗಿಲು ತಳ್ಳಿದಾಗ ಅವನು ಯಾರದೋ ಜೀಪಿನ ಬಾಗಿಲಂಚಿನ ರಬ್ಬರಿಗೆ ಚಿಂದಿಬಟ್ಟೆಯಿಂದ ಕೊಬ್ಬು ಸವರುತ್ತಿದ್ದ. ಹಾಗೆ ಸವರದಿದ್ದರೆ ಬಾಗಿಲು ಹೆಪ್ಪುಗಟ್ಟಿ ಕೂತುಬಿಡುತ್ತದೆ, ಬೇಕಾದ ಹೊತ್ತಿನಲ್ಲಿ ತೆರೆಯುವುದಿಲ್ಲ. ಸವರುತ್ತಿದ್ದುದು ಎಡಗೈಯಿಂದ. ಬಲಗೈಯ ಮೂರು ಬೆರಳು ಎರಡು ಚಳಿಗಾಲದ ಹಿಂದೆ ಹಿಮಕ್ಕೆ ಬಲಿಯಾಗಿದ್ದವು.

"ಬಾ ಪುಟ್ಟಿ, ಬಾಗಿಲು ಹಾಕು, ಬಿಸಿ ಹೋಗತ್ತೆ. ಉಪ್ಪಿನ ಚಹಾ ಇದೆ, ಹಾಲು ಜಾಸ್ತಿ ಬಿದ್ದಿದೆ, ಬೈಬೇಡ."

"ದೊಡ್ಡಪ್ಪ, ರಾದ್ನಾ ಸಾಯೋ ಹಿಂದಿನ ಸಂಜೆ ವ್ಯಾನು ಇಲ್ಲೇ ಇತ್ತಲ್ಲ?"

"ಇತ್ತು. ಹೇಳಿದೀನಿ, ನೀನೇ ಬರ್ಕೊಂಡಿದೀಯ. ಊರಲ್ಲಿ ಬಿಸಿ ಶೆಡ್ಡು ಅಂತ ಇರೋದು ನಂದೊಂದೇ. ಹೊರಗೆ ನಿಲ್ಸಿದ್ರೆ ಬೆಳಿಗ್ಗೆ ಡೀಸೆಲ್ಲು ಗಟ್ಟಿ."

"ಟೈರು ಮುಟ್ಟಿದ್ರಾ?"

"ಓಚಿರನ ಕೆಲಸಕ್ಕೆ ನಾನು ಕೈ ಹಾಕ್ಲಾ? ಅಷ್ಟು ಗತಿಗೆಟ್ಟಿಲ್ಲ ಬಿಡು."

ನಾನು ಎರಡು ಕಡ್ಡಿಗಳನ್ನು ಜೀಪಿನ ಮೂತಿಯ ಮೇಲಿಟ್ಟೆ. ಅವನು ನಕ್ಕ.

"ಏನೇ ಇದು? ನಮ್ಮನೆ ಒಲೆಗೆ ಕಡ್ಡಿ ಇಲ್ಲ ಅಂತ ಪೊಲೀಸರೇ ತಂದುಕೊಡ್ತಿದಾರಾ?"

"ಒಂದು ಎಡಗಡೆ ಟೈರಿಂದು, ಒಂದು ಬಲಗಡೆದು. ಎರಡೂ ಒಣಗಿವೆ, ಮೂಸಿ ನೋಡಿ. ಉಳಿದ ತೂತಲ್ಲೆಲ್ಲ ಕೊಬ್ಬಿದೆ, ಈ ಎರಡರಲ್ಲಿ ಮಾತ್ರ ಇಲ್ಲ. ಕಿತ್ತ ಮೊಳೆ ವಾಪಸ್ ಹಾಕೇ ಇಲ್ಲ."

ಚಿಂದಿಬಟ್ಟೆ ಹಿಡಿದ ಕೈ ನಿಂತಿತು. ನಗು ಇನ್ನೂ ಮುಖದ ಮೇಲೆಯೇ ಇತ್ತು, ಕಣ್ಣಿನಿಂದ ಮಾತ್ರ ಹೋಗಿತ್ತು.

"ಓಹೋ. ಯಾರೋ ನನ್ನ ಸಿಕ್ಕಿಸಕ್ಕೆ ಮಾಡಿದಾರೆ. ನಾನು ಒಂದು ತೂತು ಬಿಡ್ತೀನಿ ಅಂತ ಊರಿಗೆಲ್ಲ ಗೊತ್ತು, ಆಡ್ಕೊಂಡು ನಗ್ತಾರೆ."

"ಬಿಡ್ತೀರಿ ಅಂತ ಗೊತ್ತು. ಎಲ್ಲಿ ಬಿಡ್ತೀರಿ ಅಂತ ಗೊತ್ತಿಲ್ಲ. ವಾಲ್ವಿನ ನೇರಕ್ಕೆ, ಒಳಗಿನ ಸಾಲಲ್ಲಿ. ಆ ಜಾಗ ಯಾರಿಗೂ ಹೇಳಬಾರದು ಅಂತ ನನ್ನ ಕೈಲಿ ಪ್ರಮಾಣ ಮಾಡಿಸಿದ್ರಿ. ನಾನು ಇವತ್ತಿನವರೆಗೂ ಹೇಳಿಲ್ಲ."

"ಹಾಗಾದ್ರೆ ಗೊತ್ತಿರೋದು ಇಬ್ಬರಿಗೆ. ನೀನೇ ಮಾಡಿರಬಹುದಲ್ಲ?"

ಇದನ್ನು ಅವನು ತಮಾಷೆಗೆ ಹೇಳಲಿಲ್ಲ. ನನ್ನ ಕಣ್ಣಿನಲ್ಲಿ ಕಣ್ಣಿಟ್ಟು ಹೇಳಿದ. ಮೂವತ್ತು ವರ್ಷ ಅನ್ನ ಹಾಕಿದವನು, ಸಿಕ್ಕಿಬಿದ್ದ ಅರೆ ನಿಮಿಷಕ್ಕೆ ನನ್ನನ್ನೇ ಮುಂದೆ ತಳ್ಳಲು ನೋಡಿದ. ನನಗೆ ಮೈ ಉರಿದುಹೋಯಿತು.

"ರಾದ್ನಾ ಏನು ಮಾಡಿದ್ದ ನಿಮಗೆ? ಎರಡು ಮಕ್ಕಳ ತಂದೆ! ಪ್ರತಿ ವಾರ ನಿಮಗೆ ಮೀನು ತಂದು ಕೊಡ್ತಿದ್ದ. ಅವನನ್ನ ಯಾಕೆ ಕೊಂದ್ರಿ?"

"ಗಾಡೀಲಿ ರಾದ್ನಾ ಹೋಗ್ತಾನೆ ಅಂತ ನನಗೇನು ಕನಸು ಬಿದ್ದಿತ್ತಾ!"

ಮಾತು ಬಾಯಿಂದ ಜಾರಿತ್ತು. ಇಬ್ಬರೂ ಅದನ್ನು ಕೇಳಿಸಿಕೊಂಡೆವು.

ಆ ದಿನ ವ್ಯಾನು ಓಡಿಸಬೇಕಾಗಿದ್ದವಳು ನಾನು.

ಬೆಳಿಗ್ಗೆ ಏಳಕ್ಕೆ ಇದೇ ಶೆಡ್ಡಿಗೆ ಬಂದು ವ್ಯಾನು ತೆಗೆದುಕೊಂಡಿದ್ದೆ. ಇವನು ಚಹಾ ಕೊಟ್ಟಿದ್ದ. ಕುತ್ತಿಗೆಯ ಶಾಲನ್ನು ಬಿಗಿಮಾಡಿ, "ಬಿರುಕಿನ ಹತ್ರ ಹುಷಾರು" ಎಂದಿದ್ದ. ಠಾಣೆಯ ಮುಂದೆ ಬರುವಷ್ಟರಲ್ಲಿ ಆಚೆ ಬೀದಿಯಲ್ಲಿ ಕುಡುಕರು ಕೊಡಲಿ ಹಿಡಿದಿದ್ದಾರೆ ಎಂದು ಫೋನು ಬಂತು. ರಾದ್ನಾ ಕೀಲಿಗೆ ಕೈಚಾಚಿ, "ನಾನು ಹೇಗೂ ಡೀಸೆಲ್ ತರಕ್ಕೆ ಹೋಗ್ಬೇಕು, ನಿಮ್ಮ ಕೆಲಸಾನೂ ಮುಗಿಸ್ಕೊಂಡು ಬರ್ತೀನಿ ಅಕ್ಕ" ಅಂದ. ಕೊಟ್ಟೆ.

ಇಡೀ ಸಂಜೆ ಕೂತು ಒಂದೊಂದೇ ಮೊಳೆಗೆ ಕೊಬ್ಬು ಹಚ್ಚಿ, ಬೆಳಿಗ್ಗೆ ಎದ್ದು ನನಗೆ ಚಹಾ ಕಾಸಿದ್ದಾನೆ ಈ ಮನುಷ್ಯ. ಹಾಲು ಸಾಕಾ ಅಂತ ಬೇರೆ ಕೇಳಿದ್ದಾನೆ. ನನಗೆ ಅಳು ಬರಲಿಲ್ಲ. ನಾಚಿಕೆಯಾಯಿತು, ಆ ಚಹಾ ಕುಡಿದು ಚೆನ್ನಾಗಿದೆ ಎಂದು ಹೇಳಿದ್ದಕ್ಕೆ.

"ನನ್ನ ಸಾಯಿಸಕ್ಕೆ ನೋಡಿದೆ ನೀನು," ಎಂದೆ. ಹುಟ್ಟಿದಾಗಿನಿಂದ ಅವನಿಗೆ ಏಕವಚನ ಹಾಕಿರಲಿಲ್ಲ. ಈಗ ಬಹುವಚನ ಬಾಯಿಗೆ ಬರಲಿಲ್ಲ.

ಅವನು ಟೂಲಿನ ಪೆಟ್ಟಿಗೆಯ ಮೇಲೆ ಕೂತ. ಸುಳ್ಳು ಹೇಳುವ ಶಕ್ತಿ ಮುಗಿದಿತ್ತು ಎಂದು ಕಾಣುತ್ತದೆ.

"ಆ ಫೈಲು ತರಕ್ಕೆ ನೀನು ಹೋಗಬಾರದಿತ್ತು ಕಣೆ. ಮೂವತ್ತು ವರ್ಷ ಸುಮ್ನಿದ್ದೆ. ಇನ್ನೊಂದು ಎರಡು ವರ್ಷ ಸುಮ್ನಿದ್ದಿದ್ರೆ ನಾನೇ ಹೋಗಿರ್ತಿದ್ದೆ."

ಅಪ್ಪನ ಸಾವಿನ ಫೈಲು. ಪಟ್ಟಣದ ಕಚೇರಿಯ ಕೋಣೆಯೊಂದರಲ್ಲಿ ಧೂಳು ತಿನ್ನುತ್ತಿತ್ತು. ಹಳೆಯ ಕಡತ ಸಾಗಿಸುವಾಗ ಕಣ್ಣಿಗೆ ಬಿತ್ತು, ಬಂದರೆ ಕೊಡುತ್ತೇನೆ ಎಂದು ಅಲ್ಲಿನ ಗುಮಾಸ್ತೆ ಫೋನು ಮಾಡಿದ್ದಳು. ನಾನು ಅಂದು ಹೊರಟಿದ್ದು ಅದಕ್ಕೇ. ಆಮೇಲೆ ರಾದ್ನಾನ ಸಾವಿನ ಓಡಾಟದಲ್ಲಿ ಅದನ್ನು ತರಲು ಆಗಿರಲಿಲ್ಲ.

"ಏನಿದೆ ಅದರಲ್ಲಿ? ಅಪ್ಪನ ಕಾರಿಗೂ ನೀನೇ ಟೈರು ಹಾಕಿದ್ದಾ?"

ಅವನು ಕಣ್ಣು ತಪ್ಪಿಸಿ, ಚಿಂದಿಬಟ್ಟೆಯನ್ನು ಮೊಣಕಾಲಿನ ಮೇಲೆ ಮಡಿಸತೊಡಗಿದ.

"ಸರಿ, ಇದನ್ನ ಹೇಳು. ಫೈಲಿನ ವಿಷಯ ನಿನಗೆ ಯಾರು ಹೇಳಿದ್ದು? ಊರಿಗೆಲ್ಲ ಆಫೀಸ್ ಕೆಲಸ ಅಂದಿದ್ದೆ. ನಿನಗೂ ಅಷ್ಟೇ ಹೇಳಿದ್ದು."

ಅವನು ತಲೆ ಎತ್ತಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಹೊರಗೆ ಹಾರ್ನ್ ಕೇಳಿಸಿತು.

ಕ್ಯಾಪ್ಟನ್ ಫೊಮಿನ್ ಕಾಲು ಗಂಟೆ ಮುಂಚೆಯೇ ಬಂದಿದ್ದ. ಗಾಡಿಯ ಹಿಂದಿನ ಸೀಟಿನಲ್ಲಿ ಕೈಕೋಳ ತೊಟ್ಟ ಓಚಿರ್.

"ಇಲ್ಲಿದೀರಾ ಲೆಫ್ಟಿನೆಂಟ್! ಠಾಣೆಯಿಂದ ಇವನನ್ನ ಹತ್ತಿಸ್ಕೊಂಡು ಬಂದೆ. ಮುದುಕರ ಹೇಳಿಕೆಗೆ ಇನ್ನೊಂದು ಸಹಿ ಬೇಕು. ಬೇಗ ಆಗ್ಲಿ, ಗಾಳಿ ಎದ್ರೆ ಬಿರುಕು ಅಗಲ ಆಗತ್ತೆ, ನಾನು ಈಚೆಗೇ ಉಳ್ಕೊಂಡುಬಿಡ್ತೀನಿ."

"ಸಹಿ ಬೇಡ ಸರ್. ಇವನನ್ನೇ ಕರ್ಕೊಂಡು ಹೋಗಿ. ಓಚಿರ್‌ನ ಬಿಟ್ಟುಬಿಡಿ."

ಕಡ್ಡಿ, ತೂತು, ಕೊಬ್ಬು ಎಲ್ಲವನ್ನೂ ಹೇಳಿದೆ. ಫೊಮಿನ್ ಹುಬ್ಬೇರಿಸಿ ಕೇಳಿದ. ನಾನು ಮುಗಿಸುವ ಮೊದಲೇ ದೊಂದೋಕ್ ಎದ್ದು ನಿಂತ.

"ನಿಜ ಸ್ವಾಮಿ. ನಾನೇ ಮಾಡಿದ್ದು. ಒಬ್ನೇ ಮಾಡಿದ್ದು. ಯಾರೂ ಇರ್ಲಿಲ್ಲ."

ಫೊಮಿನ್ ಅವನ ಮುಖ ನೋಡಲಿಲ್ಲ, ಬಲಗೈ ನೋಡಿದ.

"ಈ ಕೈಲಾ?"

ನಾನು ಆ ಕೈಯನ್ನು ಎರಡು ವರ್ಷದಿಂದ ದಿನಾ ನೋಡುತ್ತಿದ್ದೆ, ಅದಕ್ಕೆ ಪಟ್ಟಿ ಕಟ್ಟಿದವಳೂ ನಾನೇ. ನನ್ನ ತಲೆಗೆ ಹೊಳೆಯದ ಪ್ರಶ್ನೆ ಪಟ್ಟಣದವನಿಗೆ ಒಂದೇ ನೋಟಕ್ಕೆ ಹೊಳೆದಿತ್ತು. ಸಿಟ್ಟು ನನ್ನ ಕಣ್ಣು ಕಟ್ಟಿತ್ತು.

"ಒಂದು ಮೊಳೆ ಹೊಡೆದು ತೋರಿಸಿ ತಾತ," ಎಂದ ಫೊಮಿನ್. ಗೋಡೆಗೆ ಒರಗಿದ್ದ ಟೈರೊಂದನ್ನು ನಡುವಿಗೆ ಉರುಳಿಸಿದ.

ದೊಂದೋಕ್ ಮೊಳೆಯನ್ನು ಉಳಿದೆರಡು ಬೆರಳ ನಡುವೆ ಹಿಡಿದು ತೂತಿಗಿಟ್ಟ. ಎಡಗೈಯಲ್ಲಿ ಸುತ್ತಿಗೆ ಎತ್ತಿದ. ಟೈರು ಹಿಡಿದುಕೊಳ್ಳುವವರಿಲ್ಲ. ಮೊದಲ ಏಟಿಗೇ ಅದು ಉರುಳಿತು, ಮೊಳೆ ನೆಲಕ್ಕೆ ಬಿತ್ತು. ಮೊಣಕಾಲಿನಿಂದ ಒತ್ತಿ ಹಿಡಿದ. ಮತ್ತೆ ಬಿತ್ತು. ಮೂರನೆಯ ಸಲ ಸುತ್ತಿಗೆ ಬೆರಳಿಗೇ ಬಡಿಯಿತು. ದ್ವೀಪದ ಅತಿ ದೊಡ್ಡ ಟೈರು ಮೇಸ್ತ್ರಿಯ ಹಣೆಯಲ್ಲಿ ಬೆವರು ಕಾಣಿಸಿತು.

"ನೋಡಿದ್ರಲ್ಲ?" ಫೊಮಿನ್ ನನ್ನ ಕಡೆ ತಿರುಗಿದ. "ಎರಡು ಟೈರು, ಒಂದು ಸಂಜೆ. ನ್ಯಾಯಾಧೀಶರು ಇದನ್ನೇ ಮಾಡ್ಸಿ ನೋಡ್ತಾರೆ, ನೋಡಿ ನಗ್ತಾರೆ. ಇವರು ಓಚಿರ್ ಮೇಲಿನ ಕನಿಕರಕ್ಕೆ ಸುಳ್ಳು ಹೇಳ್ತಿದಾರೆ, ಇಲ್ಲಾ ಇನ್ನೊಂದು ಜೊತೆ ಕೈ ಇತ್ತು. ಆ ಕೈ ಯಾರದು ಅಂತ ಹೇಳಿ, ಓಚಿರ್‌ನ ಇಲ್ಲೇ ಇಳಿಸ್ತೀನಿ. ಹೇಳದಿದ್ರೆ ನನ್ನ ಹತ್ರ ಇರೋ ಕೊಲೆಗಾರ ಓಚಿರ್ ಒಬ್ನೇ. ಒಂದು ಸಿಗರೇಟು ಮುಗಿಯೋವರೆಗೂ ಟೈಮು."

ಅವನು ಹೊರಗೆ ಹೋದ. ಗಾಡಿಯ ಕಿಟಕಿಯಿಂದ ಓಚಿರ್ ಕೂಗಿದ.

"ಖಾಂದಾ ಮೇಡಂ! ನನ್ನ ಕೆಲಸ ಕೆಟ್ಟದು ಅನ್ನಿ, ಒಪ್ಕೋತೀನಿ. ನಾನು ಜಗಳಗಂಟ ಅನ್ನಿ, ಅದೂ ಹೌದು. ಆದ್ರೆ ಕೊಲೆಗಾರ ಅನ್ಬೇಡ್ರೀ. ನನ್ನ ಹೆಂಡ್ತಿ ಠಾಣೆ ಮುಂದೆ ನಿಂತವಳು ಇನ್ನೂ ಮನೆಗೆ ಹೋಗಿಲ್ಲ, ಅವಳಿಗೆ ನಾನು ಏನಂತ ಹೇಳ್ಲಿ?"

ನಾನು ದೊಂದೋಕ್‌ನ ಹತ್ತಿರ ಹೋಗಿ ಬಗ್ಗಿದೆ.

"ಟೈರು ಯಾರು ಹಿಡ್ಕೊಂಡಿದ್ದು?"

"ಕೇಳ್ಬೇಡ ಪುಟ್ಟಿ."

"ಪುಟ್ಟಿ ಅನ್ನಬೇಡ. ಹೇಳು."

"ನನ್ನ ಮೇಲೇ ಹಾಕು. ಹೇಗಾದ್ರೂ ಮಾಡಿ ನನ್ನ ಮೇಲೇ ಹಾಕು. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

"ನನ್ನ ಒಳ್ಳೇದು!" ನನಗೆ ನಗು ಬಂತು, ಕೆಟ್ಟ ನಗು. "ಹನ್ನೆರಡು ದಿನದ ಹಿಂದೆ ನೋಡಿದ್ದೆಯಲ್ಲ ನನ್ನ ಒಳ್ಳೇದನ್ನ. ಆ ಬಡಪಾಯಿ ಓಚಿರ್ ಹದಿನೈದು ವರ್ಷ ಕೊಳೀತಾನೆ. ಯಾರು ಹಿಡ್ಕೊಂಡಿದ್ದು?"

ಅವನು ಪ್ರಶ್ನೆಗೆ ಪ್ರಶ್ನೆ ಹಾಕಿದ.

"ಫೈಲಿನ ವಿಷಯ ನೀನು ಯಾರಿಗೆ ಹೇಳಿದ್ದೆ?"

ಒಬ್ಬರಿಗೆ ಹೇಳಿದ್ದೆ. ಹಿಂದಿನ ದಿನ ಮಧ್ಯಾಹ್ನ, ಅಡುಗೆಮನೆಯಲ್ಲಿ, ಕಡುಬಿಗೆ ಮಾಂಸ ತುಂಬುತ್ತಾ. ಹಿಟ್ಟಿನ ಅಂಚು ಮಡಿಸುತ್ತಿದ್ದ ಆ ಬೆರಳುಗಳು ಒಂದು ಕ್ಷಣವೂ ನಿಂತಿರಲಿಲ್ಲ. "ಒಳ್ಳೇದಾಯ್ತು ಮಗಳೇ. ಅಪ್ಪನ ವಿಷಯ ನಿನಗೂ ಗೊತ್ತಾಗ್ಬೇಕಲ್ಲ" ಎಂದಿದ್ದಳು. ಸಂಜೆ ದೊಂದೋಕ್‌ಗೆ ಒಂದು ತಟ್ಟೆ ಕಡುಬು ಕೊಟ್ಟು ಬರುತ್ತೇನೆ ಎಂದು ಹೋದವಳು ತಡವಾಗಿ ಬಂದಳು.

ಶೆಡ್ಡಿನ ಗೋಡೆಗೆ ಕೈ ಊರಿ ನಿಂತೆ.

"ಅವಳಿಗೆ ಏನೂ ಗೊತ್ತಿರಲ್ಲ," ಎಂದೆ. "ಟೈರು ಹಿಡ್ಕೋ ಅಂದಿರ್ತೀಯ, ಹಿಡ್ಕೊಂಡಿರ್ತಾಳೆ. ನಾನು ಹೋಗೋ ಗಾಡಿ ಅಂತ ಸಹಾಯ ಮಾಡಿರ್ತಾಳೆ. ಸೋಪಿನ ನೀರು ಅಂತ ಸುಳ್ಳು ಹೇಳಿರ್ತೀಯ. ಹೌದು ತಾನೇ? ಹೌದು ಅನ್ನು."

ಅವನ ಕಣ್ಣಿನಲ್ಲಿ ನನ್ನ ಮೇಲೆ ಕನಿಕರ ಕಾಣಿಸಿತು. ಅವನು ಮಾಡಿದ್ದರಲ್ಲೆಲ್ಲ ನಾನು ಕ್ಷಮಿಸಲಾರದ್ದು ಅದೊಂದೇ.

"ಆ ಫೈಲು ಬಂದಿದ್ರೆ ನಾವಿಬ್ಬರೂ ಸಿಕ್ಕಿಬೀಳ್ತಿದ್ವಿ. ಕೊಬ್ಬಿನ ಡಬ್ಬಿ ತಂದಿದ್ದೇ ಅವಳು."

ಹೊರಗೆ ಇಂಜಿನ್ ಶುರುವಾಯಿತು. ಫೊಮಿನ್ ಸಿಗರೇಟಿನ ತುಂಡನ್ನು ಬೂಟಿನಿಂದ ಹೊಸಕಿ ಒಳಗೆ ಬಂದ. ಅವನ ಹಿಂದೆ, ತೆರೆದ ಬಾಗಿಲಿನಾಚೆ, ಓಚಿರ್ ಕೋಳದ ಕೈಗಳನ್ನು ಕಿಟಕಿಯ ಗಾಜಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದ. ಹೆದರಿದ್ದ, ಆದರೂ ನನ್ನನ್ನು ನಂಬಿದ್ದ.

"ಆಯ್ತಾ ಲೆಫ್ಟಿನೆಂಟ್? ಯಾರ ಕೈ?"

ಹೆಸರು ಹೇಳಬೇಕೆಂದೇ ಬಾಯಿ ತೆರೆದೆ. ಹೆಸರು ಬರಲಿಲ್ಲ. ಹುಟ್ಟಿದಾಗಿನಿಂದ ಅವಳನ್ನು 'ಅಮ್ಮ' ಅಂದು ಕರೆದ ನಾಲಿಗೆ ಆ ಒಂದು ಮಾತನ್ನಷ್ಟೇ ಹೇಳಿತು, ಅದೂ ಪಿಸುಮಾತಿನಲ್ಲಿ.

ಫೊಮಿನ್ ಜೇಬಿನಿಂದ ಪೆನ್ನು ತೆಗೆದು, ಕಾಗದವನ್ನು ಜೀಪಿನ ಮೂತಿಯ ಮೇಲೆ ಹರಡಿಕೊಂಡ.

"ಯಾರ ಅಮ್ಮ?" ಎಂದ.